ಸಣ್ಣ ಕ್ಯಾಮೆರಾದ ಶಿಲ್ಪಿ ಆಸ್ಕರ್ ಬಾರ್ನಾಕ್

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಒಳ್ಳೆಯ ಛಾಯಾಚಿತ್ರವನ್ನು ಬಯಸುವವನು ಭಾರವಾದ ಕ್ಯಾಮೆರಾ, ಗಾಜಿನ ಫಲಕಗಳು, ಮುಕ್ಕಾಲಿ ಇವೆಲ್ಲವನ್ನೂ ಹೊತ್ತು ನಡೆಯಬೇಕಾಗಿತ್ತು. ಈ ಹೊರೆಯನ್ನು ಇಳಿಸಿ, ಅಂಗಿಯ ಜೇಬಿನಲ್ಲಿ ಅಡಗುವಂತಹ ಕ್ಯಾಮೆರಾವನ್ನು ಲೋಕಕ್ಕೆ ಕೊಟ್ಟವರಲ್ಲಿ ಜರ್ಮನಿಯ ಆಸ್ಕರ್ ಬಾರ್ನಾಕನ ಹೆಸರು ಅಗ್ರಗಣ್ಯವಾದುದು. ಅವನು ದೊಡ್ಡ ಪಂಡಿತನಲ್ಲ. ಕಾರ್ಯಾಗಾರದಲ್ಲಿ ಕೈ ಪಳಗಿಸಿಕೊಂಡ ಯಂತ್ರಕುಶಲಿ.

ಬಾರ್ನಾಕನು 1879ರ ನವೆಂಬರ್ 1ರಂದು ಬ್ರಾಂಡೆನ್‌ಬುರ್ಗ್ ಪ್ರಾಂತದ ಲಿನೋ ಗ್ರಾಮದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಬರ್ಲಿನ್ ಬಳಿ ಖಗೋಲೋಪಕರಣಗಳನ್ನು ತಯಾರಿಸುವವರಲ್ಲಿ ಕೆಲಸ ಕಲಿತನು. 1902ರಿಂದ ಯೇನಾ ನಗರದ ಪ್ರಸಿದ್ಧ ತ್ಸೈಸ್ ಸಂಸ್ಥೆಯಲ್ಲಿ ದುಡಿದು, 1911ರಲ್ಲಿ ವೆಟ್ಸ್ಲರ್ ಪಟ್ಟಣದ ಲೈಟ್ಸ್ ಸಂಸ್ಥೆಯನ್ನು ಸೇರಿದನು. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಸಂಸ್ಥೆ. ಅಲ್ಲಿ ಪ್ರಯೋಗ ವಿಭಾಗದ ಹೊಣೆ ಅವನದಾಯಿತು.

ಬೆಟ್ಟಕಾಡುಗಳಲ್ಲಿ ಸುತ್ತಾಡಿ ಚಿತ್ರ ತೆಗೆಯುವುದೆಂದರೆ ಬಾರ್ನಾಕನಿಗೆ ಪ್ರಾಣ. ಆದರೆ ಉಬ್ಬಸದ ವ್ಯಾಧಿ ಅವನನ್ನು ಬಿಡದೆ ಕಾಡುತ್ತಿತ್ತು. 13×18 ಸೆಂಟಿಮೀಟರ್ ಫಲಕಗಳ ಕ್ಯಾಮೆರಾವನ್ನು ಹೊತ್ತು ಏರುವುದು ಅವನ ಶಕ್ತಿಗೆ ಮೀರಿದ್ದಾಗಿತ್ತು. ಒಂದೇ ಫಲಕದ ಮೇಲೆ ಹಲವು ಸಣ್ಣ ಚಿತ್ರಗಳನ್ನು ಹಿಡಿದು ದೊಡ್ಡದು ಮಾಡುವ ಉಪಾಯವನ್ನು ಅವನು ಯೇನಾದಲ್ಲಿದ್ದಾಗಲೇ ಪರೀಕ್ಷಿಸಿದ್ದನು. ಫಲಕದ ಕಣಗಳು ಒರಟಾಗಿದ್ದುದರಿಂದ ಆ ಯತ್ನ ಫಲಿಸಲಿಲ್ಲ. ಮುಂದೆ ಚಲಚ್ಚಿತ್ರದ 35 ಮಿಲಿಮೀಟರ್ ಫಿಲ್ಮು ಅವನ ಕೈಗೆ ಬಂದಿತು. ಅದರ 18×24 ಮಿಲಿಮೀಟರ್ ಚೌಕಟ್ಟನ್ನು ಇಮ್ಮಡಿಗೊಳಿಸಿ 24×36 ಮಿಲಿಮೀಟರ್ ಅಳತೆಯನ್ನು ಆಯ್ದು, 1913-14ರ ವೇಳೆಗೆ ಲೋಹದ ಪುಟ್ಟ ಕ್ಯಾಮೆರಾವೊಂದನ್ನು ನಿರ್ಮಿಸಿದನು.

ನಿಜವಾದ ತೊಡಕು ಎದುರಾದದ್ದು ಮಸೂರದಲ್ಲಿ. ಈ ಸಣ್ಣ ಚೌಕಟ್ಟಿನ ವಿಸ್ತೀರ್ಣ ಹಳೆಯ ಫಲಕದ ಇಪ್ಪತ್ತೇಳನೆಯ ಒಂದು ಪಾಲು ಮಾತ್ರ. ಫಲಕದಷ್ಟೇ ದೊಡ್ಡ ಚಿತ್ರ ಬೇಕಾದರೆ ಅದನ್ನು ಐದು ಪಟ್ಟು ಹಿಗ್ಗಿಸಬೇಕು. ಆಗ ಮಸೂರದ ದೋಷವೂ ಐದು ಪಟ್ಟು ಹಿಗ್ಗಿ ಕಾಣುವುದು. ಚಲಚ್ಚಿತ್ರದ ಮಸೂರಗಳು ಅರ್ಧ ಚೌಕಟ್ಟಿಗೆಂದೇ ಮಾಡಿದವಾದ್ದರಿಂದ ಇಲ್ಲಿ ಅಂಚುಗಳು ಮಸುಕಾಗುತ್ತಿದ್ದವು. ಈ ಕೊರತೆಯನ್ನು ನೀಗಿದವನು ಅದೇ ಸಂಸ್ಥೆಯ ವಿಜ್ಞಾನಿ ಮ್ಯಾಕ್ಸ್ ಬೆರೆಕ್. ಅವನು ಗಣಿತದಿಂದ ರೂಪಿಸಿದ 50 ಮಿಲಿಮೀಟರ್ ನಾಭಿದೂರದ ಎಫ್ 3.5 ಮಸೂರವು ಮೊದಲು ಐದು ಗಾಜುಗಳಿಂದ ಕೂಡಿತ್ತು. ಬಳಿಕ ನಾಲ್ಕು ಗಾಜುಗಳ ಎಲ್ಮಾರ್ ಆಗಿ ಸರಳಗೊಂಡಿತು.

ಮೊದಲನೆಯ ಮಹಾಯುದ್ಧದಿಂದ ಕೆಲಸ ಹಿಂದೆ ಬಿದ್ದಿತು. 1923ರಲ್ಲಿ ಸುಮಾರು 25 ಮಾದರಿಗಳನ್ನು ಮಾಡಿ ಪರೀಕ್ಷೆಗೆ ಕೊಟ್ಟಾಗ ಮೆಚ್ಚಿದವರಿಗಿಂತ ಸಂಶಯಪಟ್ಟವರೇ ಹೆಚ್ಚು. ದೇಶವು ಹಣದುಬ್ಬರದಲ್ಲಿ ಬೆಂದು ಹೊರಬಂದಿದ್ದ ಕಾಲವದು. ಸೋತರೆ ಕಾರ್ಮಿಕರ ಅನ್ನಕ್ಕೇ ಸಂಚಕಾರ. ಆದರೂ 1924ರಲ್ಲಿ ಯಜಮಾನ ಎರಡನೆಯ ಎರ್ನ್‌ಸ್ಟ್ ಲೈಟ್ಸ್ ಧೈರ್ಯ ಮಾಡಿದನು. 1925ರ ವಸಂತದಲ್ಲಿ ಲೈಪ್ಸಿಗ್ ಮೇಳದಲ್ಲಿ ಲೈಕಾ ಲೋಕದ ಮುಂದೆ ಬಂದಿತು.

1930ರಲ್ಲಿ ಮಸೂರವನ್ನು ತಿರುಗಿಸಿ ತೆಗೆದು ಬೇರೊಂದನ್ನು ಹಾಕುವ ಅನುಕೂಲವಾಯಿತು. ಆರಂಭದಲ್ಲಿ ಪ್ರತಿಯೊಂದು ಮಸೂರವನ್ನೂ ಆಯಾ ಕ್ಯಾಮೆರಾಕ್ಕೇ ಹೊಂದಿಸಿಕೊಡಬೇಕಾಗಿತ್ತು. 1931ರಲ್ಲಿ ಅಳತೆಯು ಏಕರೂಪವಾಗಿ ಆ ತೊಂದರೆ ನೀಗಿತು. 1932ರಲ್ಲಿ ದೂರಮಾಪಕವು ಮಸೂರದೊಡನೆ ಜೋಡಿಸಲ್ಪಟ್ಟಿತು. ಎರಡು ಗವಾಕ್ಷಿಗಳಿಂದ ಬರುವ ಬಿಂಬಗಳು ಒಂದಾಗುವವರೆಗೆ ಮಸೂರವನ್ನು ತಿರುಗಿಸಿದರೆ ದೂರವು ತಾನಾಗಿ ಸರಿಹೊಂದುತ್ತಿತ್ತು.

ಅದೇ ವರ್ಷ ತ್ಸೈಸ್ ಬಳಗದ ಕಾಂಟಾಕ್ಸ್ ಪ್ರತಿಸ್ಪರ್ಧಿಯಾಗಿ ನಿಂತಿತು. ಅದಕ್ಕೆ ಲುಡ್‌ವಿಗ್ ಬೆರ್ಟೆಲೆ ರಚಿಸಿದ ಎಫ್ 1.5ರ ಜೊನ್ನಾರ್ ಮಸೂರವು ಎಲ್ಮಾರಿಗಿಂತ ಐದು ಪಟ್ಟಿಗೂ ಮೀರಿ ಬೆಳಕನ್ನು ಒಳಗೆ ಬಿಡುತ್ತಿತ್ತು. ಅದರಲ್ಲಿ ಏಳು ಗಾಜುಗಳಿದ್ದರೂ ಅವು ಮೂರೇ ಗುಂಪುಗಳಾಗಿ ಅಂಟಿಕೊಂಡಿದ್ದುದರಿಂದ ಗಾಳಿಗೆ ತೆರೆದ ಮುಖಗಳು ಆರು ಮಾತ್ರ. ಗಾಜಿಗೆ ಲೇಪನವಿಲ್ಲದ ಆ ದಿನಗಳಲ್ಲಿ ಇಂತಹ ಒಂದೊಂದು ಮುಖದಲ್ಲಿಯೂ ಶೇಕಡ 4-5ರಷ್ಟು ಬೆಳಕು ಪ್ರತಿಫಲಿಸಿ ಚಿತ್ರವನ್ನು ಮಂಕಾಗಿಸುತ್ತಿತ್ತು. ಲೈಟ್ಸ್ ಸಂಸ್ಥೆ 1933ರಲ್ಲಿ ತಂದ ಎಫ್ 2ರ ಸುಮ್ಮಾರ್ ಮಸೂರಕ್ಕೆ ಎಂಟು ಮುಖಗಳು. ಅದರ ಚಿತ್ರ ಮೃದು, ಎದುರುಬೆಳಕಿಗೆ ಅಳುಕು. ಆದರೆ ಎಲ್ಮಾರಿನ ಗುಣವೇ ಬೇರೆ. ಅದನ್ನು ಕ್ಯಾಮೆರಾದೊಳಕ್ಕೆ ತಳ್ಳಿ ಜೇಬಿಗಿಳಿಸಬಹುದು. ರಂಧ್ರವನ್ನು ಕಿರಿದುಗೊಳಿಸಿದರೆ ಅಂಚಿನವರೆಗೂ ಸ್ಪಷ್ಟತೆ. ಹೊರಗೆಳೆದು ಭದ್ರಪಡಿಸಲು ಮರೆತವನ ಚಿತ್ರವೆಲ್ಲ ಮಸುಕು. ಮಂದಬೆಳಕಿನಲ್ಲಿ ಜೊನ್ನಾರ್ ಮೇಲು, ಬೆಟ್ಟದ ಹಾದಿಯಲ್ಲಿ ಎಲ್ಮಾರ್ ಮೇಲು. ಹಳೆಯ ಮಸೂರಗಳನ್ನು ಇಂದಿಗೂ ಪ್ರೀತಿಯಿಂದ ಬಳಸುವವರು ಈ ತಾರತಮ್ಯವನ್ನು ಬಲ್ಲರು.

ಬಾರ್ನಾಕನು 1936ರ ಜನವರಿ 16ರಂದು, ತನ್ನ 56ನೆಯ ವಯಸ್ಸಿನಲ್ಲಿ, ಬಾಡ್ ನೌಹೈಮ್ ಎಂಬಲ್ಲಿ ನಿಧನನಾದನು. ಅವನ ಜನ್ಮಶತಮಾನೋತ್ಸವದ 1979ರಲ್ಲಿ ಅವನ ಹೆಸರಿನಲ್ಲಿ ಛಾಯಾಚಿತ್ರ ಪ್ರಶಸ್ತಿಯೊಂದು ಸ್ಥಾಪಿತವಾಯಿತು. ಅವನು ಸ್ವಂತಕ್ಕೆ ಬಳಸುತ್ತಿದ್ದ 1923ರ ಮಾದರಿ ಕ್ಯಾಮೆರಾ 2022ರ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅವನು ಆರಿಸಿದ 24×36 ಅಳತೆಯಾದರೋ ಫಿಲ್ಮು ಮರೆಯಾಗುತ್ತ ಬಂದ ಮೇಲೂ ಕ್ಯಾಮೆರಾಗಳಲ್ಲಿ ಉಳಿದುಬಂದಿದೆ. ಬೆಟ್ಟವೇರಲು ಉಸಿರು ಸಾಲದವನೊಬ್ಬನು ತನ್ನ ಹೊರೆಯನ್ನು ಹಗುರಗೊಳಿಸಿಕೊಳ್ಳಲು ಹೊರಟು, ತನ್ನ ನಂತರದವರೆಲ್ಲರ ಹೊರೆಯನ್ನೂ ಹಗುರಗೊಳಿಸಿದನು.