ವಾಗ್ವಿದ್ಯಾಗುರು ಕ್ವಿಂಟಿಲಿಯನ್

ಮಕ್ಕಳಿಗೆ ಕಾವ್ಯವನ್ನು ಓದಿಸುವುದೂ ಮಾತಿನ ರೀತಿಯನ್ನು ಕಲಿಸುವುದೂ ಲೋಕದಲ್ಲಿ ಬಹು ಪುರಾತನವಾದ ಕಾಯಕಗಳು. ಅಕ್ಷರ ಬಲ್ಲವರೆಲ್ಲರೂ ಇವನ್ನು ಮಾಡಬಲ್ಲರೆಂದು ಜನರು ಭಾವಿಸುವುದುಂಟು. ಆದರೆ ಓದಿದ ಕಾವ್ಯವು ವಿದ್ಯಾರ್ಥಿಯ ನಾಲಗೆಯ ಮೇಲೆ ಮಾತ್ರ ನಿಂತು ಹೃದಯಕ್ಕೆ ಇಳಿಯದಿದ್ದರೆ ಆ ವಿದ್ಯೆಯಿಂದ ಜಾಣ್ಮೆ ಬಂದೀತಲ್ಲದೆ ಸೌಜನ್ಯವು ಬಾರದು. ನುಡಿಯ ಶಿಕ್ಷಣವು ನಡೆಯ ಶಿಕ್ಷಣದಿಂದ ಬೇರೆಯಲ್ಲವೆಂಬ ತತ್ತ್ವವನ್ನು ೨೦ ವರುಷಗಳ ಕಾಲ ಪಾಠಪೀಠದಲ್ಲಿ ಕುಳಿತು ಬೋಧಿಸಿ, ಅನಂತರ ಅದನ್ನು ೧೨ ಕಾಂಡಗಳ ಮಹಾಗ್ರಂಥವಾಗಿ ಬರೆದಿಟ್ಟವನು ಪ್ರಾಚೀನ ರೋಮ್ ನಗರದ ಆಚಾರ್ಯ ಕ್ವಿಂಟಿಲಿಯನ್. ಬೋಧನೆಯನ್ನೇ ಜೀವನವನ್ನಾಗಿ ಮಾಡಿಕೊಂಡವರೆಲ್ಲರೂ ತಿಳಿದುಕೊಳ್ಳಬೇಕಾದ ಚರಿತ್ರೆಯು ಈತನದು.

ಮಾರ್ಕಸ್ ಫೇಬಿಯಸ್ ಕ್ವಿಂಟಿಲಿಯಾನಸ್ ಎಂಬುದು ಈತನ ಪೂರ್ಣನಾಮ. ಈತನು ಸುಮಾರು ಕ್ರಿ. ಶ. ೩೫ರಲ್ಲಿ ಸ್ಪೇನ್ ದೇಶದ ಎಬ್ರೋ ನದಿಯ ಪ್ರಾಂತದಲ್ಲಿದ್ದ ಕಾಲಗುರ್ರಿಸ್ ಎಂಬ ಪಟ್ಟಣದಲ್ಲಿ ಜನಿಸಿದನು. ಆ ಕಾಲದಲ್ಲಿ ಸ್ಪೇನ್ ದೇಶವು ರೋಮಕ ಸಾಮ್ರಾಜ್ಯಕ್ಕೆ ಒಳಪಟ್ಟಿತ್ತು. ಬಾಲಕನು ವಿದ್ಯಾಭ್ಯಾಸಕ್ಕಾಗಿ ರಾಜಧಾನಿಗೆ ಬಂದು, ಅಲ್ಲಿ ಪ್ರಖ್ಯಾತ ನ್ಯಾಯವಾದಿಯಾಗಿದ್ದ ವೃದ್ಧ ಡೊಮಿಟಿಯಸ್ ಆಫರನ ಸನ್ನಿಧಿಯಲ್ಲಿ ವಾದಮಾಡುವ ಕ್ರಮವನ್ನು ಕಂಡು ಕೇಳಿ ಅರಿತನು. ಮುಂದೆ ಸ್ವದೇಶಕ್ಕೆ ಹಿಂದಿರುಗಿದ್ದವನು, ೬೮ರಲ್ಲಿ ಗಾಲ್ಬನೆಂಬ ಅಧಿಪತಿಯು ಸ್ಪೇನ್ ದೇಶದಿಂದ ಹೊರಟು ಚಕ್ರವರ್ತಿ ಪದವಿಯನ್ನು ಏರಿದಾಗ ಆತನೊಡನೆ ಮತ್ತೆ ರೋಮ್ ನಗರವನ್ನು ಸೇರಿದನು. ಮರುವರುಷವೇ ಗಾಲ್ಬನು ಹತನಾದನು. ಆ ೬೯ನೆಯ ಒಂದೇ ವರುಷದಲ್ಲಿ ನಾಲ್ವರು ಚಕ್ರವರ್ತಿಗಳನ್ನು ಸಿಂಹಾಸನವು ಕಂಡಿತು. ಆಶ್ರಯ ಕೊಟ್ಟ ಪ್ರಭುವು ಅಳಿದರೂ ಕ್ವಿಂಟಿಲಿಯನನ ವಿದ್ಯೆಯು ಆತನನ್ನು ಕೈಬಿಡಲಿಲ್ಲ. ಆತನು ನ್ಯಾಯಸ್ಥಾನದಲ್ಲಿ ವಾದಿಸಿದನು, ಪಾಠಶಾಲೆಯನ್ನು ತೆರೆದನು, ಎರಡರಲ್ಲಿಯೂ ಕೀರ್ತಿಯನ್ನು ಪಡೆದನು.

ಕಡೆಗೆ ಸಿಂಹಾಸನದಲ್ಲಿ ನೆಲೆನಿಂತ ವೆಸ್ಪೇಸಿಯನ್ ಚಕ್ರವರ್ತಿಯು ಮಿತವ್ಯಯಿಯೆಂದು ಹೆಸರಾದವನು. ಆದರೂ ಆತನು ವಾಗ್ವಿದ್ಯೆಯನ್ನು ಕಲಿಸುವ ಗ್ರೀಕ ಮತ್ತು ಲ್ಯಾಟಿನ್ ಗುರುಗಳಿಗೆ ರಾಜಭಂಡಾರದಿಂದ ವರುಷಕ್ಕೆ ೧,೦೦,೦೦೦ ಸೆಸ್ಟರ್ಸ್ ನಾಣ್ಯಗಳ ವೇತನವನ್ನು ಗೊತ್ತುಮಾಡಿದನು. ರೋಮ್ ನಗರದಲ್ಲಿ ರಾಜವೇತನವನ್ನು ಪಡೆದು ಸಾರ್ವಜನಿಕ ಪಾಠಶಾಲೆಯನ್ನು ನಡೆಸಿದವರಲ್ಲಿ ಕ್ವಿಂಟಿಲಿಯನನೇ ಮೊದಲಿಗನೆಂದು ಪ್ರಾಚೀನರು ಹೇಳಿದ್ದಾರೆ. ಅಧ್ಯಾಪಕನ ಕಾಯಕವು ರಾಜ್ಯದ ಗೌರವಕ್ಕೆ ಪಾತ್ರವಾದ ಈ ಪ್ರಸಂಗವು ಶಿಕ್ಷಣದ ಇತಿಹಾಸದಲ್ಲಿ ಸ್ಮರಣೀಯವಾದುದು. ಆತನ ಶಿಷ್ಯವರ್ಗದಲ್ಲಿ, ಪತ್ರಲೇಖನದಿಂದ ಚಿರಕೀರ್ತಿಯನ್ನು ಪಡೆದ ಕಿರಿಯ ಪ್ಲಿನಿಯೂ ಒಬ್ಬನು.

ಆ ಕಾಲದ ಶಿಕ್ಷಣಕ್ರಮವನ್ನು ಅರಿಯದೆ ಈ ಗುರುವಿನ ಹಿರಿಮೆಯು ತಿಳಿಯದು. ರೋಮಿನ ಹುಡುಗನು ಅಕ್ಷರಾಭ್ಯಾಸವನ್ನು ಮುಗಿಸಿದ ಮೇಲೆ ಮೊದಲು ವ್ಯಾಕರಣಗುರುವಿನಲ್ಲಿ ಭಾಷೆಯನ್ನೂ ಕಾವ್ಯಗಳನ್ನೂ ಓದುವನು. ಅನಂತರ ಕೌಮಾರದಲ್ಲಿ ವಾಗ್ವಿದ್ಯಾಗುರುವಿನ ಬಳಿಗೆ ಹೋಗಿ ಗದ್ಯಗ್ರಂಥಗಳನ್ನೂ ಅಲಂಕಾರಗಳನ್ನೂ ಭಾಷಣವನ್ನೂ ಕಲಿಯುವನು. ಇಂದಿನ ಹೈಸ್ಕೂಲಿನ ವಯಸ್ಸೇ ಸರಿಸುಮಾರಾಗಿ ಆ ಹುಡುಗರ ವಯಸ್ಸು. ಆದರೆ ಶಾಲೆಗಳು ದಾರಿ ತಪ್ಪಿದ್ದವು. ಗುರುವಿನ ಕೈಯಲ್ಲಿ ಬೆತ್ತವಿತ್ತು. ಭಾಷಣಕ್ಕೆ ಕೊಡುವ ವಿಷಯಗಳೋ ಕಡಲುಗಳ್ಳರು, ಕ್ರೂರಿಗಳಾದ ಮಲತಾಯಂದಿರು, ಮಾಂತ್ರಿಕರು ಮುಂತಾದ ಅಸಂಭಾವ್ಯ ಕಥೆಗಳು. ಹುಡುಗರು ಮಿಂಚುವ ಚಿಕ್ಕ ಚಿಕ್ಕ ವಾಕ್ಯಗಳನ್ನು ಪೋಣಿಸಿ ಕರತಾಡನವನ್ನು ಪಡೆಯುವರು. ನ್ಯಾಯಸ್ಥಾನಕ್ಕೆ ಕಾಲಿಟ್ಟೊಡನೆ ಬೆಪ್ಪಾಗಿ ನಿಲ್ಲುವರು. ಇದನ್ನು ತಿದ್ದುವುದೇ ಕ್ವಿಂಟಿಲಿಯನನ ಜೀವಿತದ ಸಂಕಲ್ಪವಾಯಿತು.

ಬುದ್ಧಿಹೀನರಾಗಿ ಹುಟ್ಟುವ ಮಕ್ಕಳು ಬಹು ವಿರಳವೆಂಬುದು ಆತನ ಮೊದಲನೆಯ ನಂಬಿಕೆ. ಮಗುವು ಕೆಡುವುದು ಪ್ರಕೃತಿಯಿಂದಲ್ಲ, ಪೋಷಣೆಯ ಕೊರತೆಯಿಂದ. ಆದುದರಿಂದ ಮಗುವಿನ ದಾದಿಯ ಮಾತೂ ಶುದ್ಧವಾಗಿರಬೇಕೆಂದು ಆತನು ವಿಧಿಸಿದನು. ದಂತದಲ್ಲಿ ಕೆತ್ತಿದ ಅಕ್ಷರಗಳನ್ನು ಆಟದ ಸಾಮಾನಾಗಿ ಕೊಟ್ಟು ಲಿಪಿಯನ್ನು ಕಲಿಸಬಹುದೆಂದನು. ಮನೆಯಲ್ಲಿ ಒಬ್ಬಂಟಿಗನಾಗಿ ಓದುವುದಕ್ಕಿಂತ ಸಹಪಾಠಿಗಳ ನಡುವೆ ಓದುವುದೇ ಲೇಸೆಂಬುದು ಆತನ ನಿಶ್ಚಯ. ಸಭೆಯಲ್ಲಿ ಮಾತನಾಡಬೇಕಾದವನು ಏಕಾಂತದಲ್ಲಿ ಬೆಳೆದರೆ ಜನರನ್ನು ಕಂಡು ಬೆದರುವನು. ಕಿರಿದಾದ ಬಾಯಿಯ ಪಾತ್ರೆಗೆ ಒಮ್ಮೆಗೇ ನೀರನ್ನು ಸುರಿದರೆ ಹೊರಗೆ ಚೆಲ್ಲುವುದು, ಸಣ್ಣಗೆ ಎರೆದರೆ ತುಂಬುವುದು. ಮಕ್ಕಳ ಮನಸ್ಸೂ ಹಾಗೆಯೇ ಎಂಬ ದೃಷ್ಟಾಂತವು ಆತನದು. ಹೊಡೆತವನ್ನು ಆತನು ಒಪ್ಪಲಿಲ್ಲ. ಭಯದಿಂದ ಕುಗ್ಗಿದ ಬಾಲಕನು ಬೆಳಕಿಗೇ ಹೇಸುವನು. ಗುರುವು ಎಚ್ಚರದಿಂದ ನೋಡಿಕೊಂಡರೆ ಬೆತ್ತದ ಅಗತ್ಯವೇ ಬೀಳದು. ಆದರೆ ಈ ದಯೆಯು ಸ್ವತಂತ್ರರ ಮಕ್ಕಳನ್ನು ಕುರಿತುದು. ಹೊಡೆತವು ದಾಸರಿಗೆ ತಕ್ಕ ಶಿಕ್ಷೆಯೆಂಬ ಆ ನಾಡಿನ ಭಾವನೆಯನ್ನು ಆತನೂ ಮೀರಲಿಲ್ಲ. ಮಹಾಪುರುಷರ ಚರಿತ್ರೆಯಲ್ಲಿಯೂ ಕಾಲದ ಕಲೆಯು ಉಳಿದಿರುವುದುಂಟು.

ಕಾವ್ಯಪಾಠದಲ್ಲಿ ಆತನು ಹೋಮರ್ ಮತ್ತು ವರ್ಜಿಲ್ ಮಹಾಕವಿಗಳಿಂದಲೇ ಆರಂಭಿಸಬೇಕೆಂದನು. ಇವರ ಗುಣವನ್ನು ಪೂರ್ತಿಯಾಗಿ ಅರಿಯಲು ಎಳೆಯರಿಗೆ ಶಕ್ತಿ ಸಾಲದೆಂಬುದನ್ನು ಬಲ್ಲನು. ಆದರೆ ಮಹಾಕಾವ್ಯವನ್ನು ಒಮ್ಮೆ ಓದಿ ಬಿಡುವುದಲ್ಲ, ಬಾಳಿನುದ್ದಕ್ಕೂ ಮರಳಿ ಮರಳಿ ಓದುವುದು. ಎಳವೆಯಲ್ಲಿ ಅದರ ಔನ್ನತ್ಯವು ಮನಸ್ಸಿಗೆ ತಾಕಿದರೆ ಸಾಕು. ವ್ಯಾಕರಣಗುರುವಿನಲ್ಲಿ ಹುಡುಗನು ಈಸೋಪನ ಕಥೆಗಳನ್ನು ತನ್ನ ಸರಳವಾದ ಮಾತಿನಲ್ಲಿ ಹೇಳಬೇಕು, ಬಳಿಕ ಬರೆಯಬೇಕು. ಪದ್ಯವನ್ನು ಬಿಡಿಸಿ ಗದ್ಯಮಾಡಬೇಕು, ಮೂಲದ ಅರ್ಥವು ಕೆಡದಂತೆ ಹಿಗ್ಗಿಸಬೇಕು, ಕುಗ್ಗಿಸಬೇಕು.

ವಾಗ್ವಿದ್ಯೆಯ ತರಗತಿಯಲ್ಲಿ ಆತನು ಸೂಚಿಸಿದ ಪದ್ಧತಿಯು ಇನ್ನೂ ವಿಶಿಷ್ಟವಾದುದು. ಎಳೆಯರಿಗೆ ಲಿವಿಯಂತಹ ತಿಳಿಯಾದ ಇತಿಹಾಸಕಾರನೂ ಸಿಸಿರೋವಿನಂತಹ ಪ್ರಸನ್ನನಾದ ವಾಗ್ಮಿಯೂ ಮೊದಲು, ಕಠಿಣಶೈಲಿಯವರು ಆಮೇಲೆ. ಶಿಷ್ಯನೊಬ್ಬನು ಎದ್ದು ಉತ್ತಮವಾದ ಭಾಷಣವನ್ನು ಗಟ್ಟಿಯಾಗಿ ಓದಬೇಕು. ಗುರುವು ನಡುನಡುವೆ ತಡೆದು, ವಿಷಯವನ್ನು ಹೇಗೆ ಎತ್ತಿಕೊಂಡಿದೆ, ಕೇಳುವವರ ಒಲವನ್ನು ಹೇಗೆ ಗಳಿಸಿದೆ, ಯಾವ ಮಾತು ಹಗುರ, ಯಾವುದು ತೂಕ, ಎಲ್ಲಿ ಉಪಮೆ, ಎಲ್ಲಿ ರೂಪಕ ಎಂಬುದನ್ನು ತೋರಿಸಬೇಕು. ಕೆಲವೊಮ್ಮೆ ಜನರು ಮೆಚ್ಚಿದ ದುಷ್ಟಶೈಲಿಯ ಭಾಷಣವನ್ನೂ ಓದಿಸಿ ಅದರ ದೋಷಗಳನ್ನು ಬಯಲಿಗೆ ತರಬೇಕು. ಬರಬರುತ್ತ ಗುರುವು ತಾನು ಹೇಳುವುದನ್ನು ಕಡಿಮೆಮಾಡಿ ಶಿಷ್ಯರನ್ನೇ ಕೇಳಬೇಕು; ಒಂದು ದಿನ ಅವರಿಗೆ ಗುರುವೇ ಬೇಡವಾಗುವಂತೆ ಮಾಡುವುದೇ ಬೋಧನೆಯ ಗುರಿ. ಹುಡುಗನ ಬರವಣಿಗೆಯಲ್ಲಿ ಮಾತು ಉಕ್ಕಿ ಹರಿದರೆ ಆತನು ಕೋಪಿಸುವುದಿಲ್ಲ. ಉಕ್ಕಿದುದನ್ನು ಮುಂದೆ ಕಡಿಯಬಹುದು, ಬತ್ತಿದುದನ್ನು ತುಂಬುವುದು ಕಷ್ಟ. ಬೇಗನೆ ಬರೆಯುವುದರಿಂದ ಚೆನ್ನಾಗಿ ಬರೆಯಲು ಬಾರದು, ಚೆನ್ನಾಗಿ ಬರೆಯುತ್ತ ಬಂದರೆ ವೇಗವು ತಾನಾಗಿ ಬರುವುದು. ಅಳಿಸಿ ತಿದ್ದಲು ಸುಲಭವಾದುದರಿಂದ ಮೇಣದ ಹಲಗೆಯ ಮೇಲೆ ಬರೆಯುವುದೇ ಉತ್ತಮವೆಂಬ ಸಣ್ಣ ಸಂಗತಿಯನ್ನೂ ಆತನು ಮರೆತಿಲ್ಲ. ಗುರುವಾದವನು ತಂದೆಯ ಮನಸ್ಸನ್ನು ತಳೆದಿರಬೇಕು, ಬಿಗಿಯಿರಬೇಕು, ಸಿಡುಕಿರಬಾರದು, ಸಲುಗೆಯಿರಬೇಕು, ಸಡಿಲಿಕೆಯಿರಬಾರದು, ಹೊಗಳಿಕೆಯಲ್ಲಿ ಜಿಪುಣನೂ ದುಂದುಗಾರನೂ ಆಗಬಾರದು.

೨೦ ವರುಷಗಳ ಬೋಧನೆಯ ತರುವಾಯ ಆತನು ಪಾಠಪೀಠದಿಂದ ನಿವೃತ್ತನಾದನು. ಮಿತ್ರರ ಒತ್ತಾಯಕ್ಕೆ ಕಟ್ಟುಬಿದ್ದು, ವಾಗ್ಮಿಶಿಕ್ಷಣವೆಂಬ ಅರ್ಥವುಳ್ಳ ಇನ್‌ಸ್ಟಿಟ್ಯೂಶಿಯೋ ಒರಟೋರಿಯಾ ಎಂಬ ಗ್ರಂಥವನ್ನು ಕೈಕೊಂಡು, ಎರಡು ವರುಷಗಳಿಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಬರೆದು ಸುಮಾರು ೯೫ರಲ್ಲಿ ಹೊರತಂದನು. ಇದನ್ನು ವಿಟೋರಿಯಸ್ ಮಾರ್ಸೆಲಸನೆಂಬ ಮಿತ್ರನಿಗೆ, ಆತನ ಮಗನ ಶಿಕ್ಷಣಕ್ಕಾಗಿ, ಅರ್ಪಿಸಿದನು. ಆದರೆ ಮನಸ್ಸಿನೊಳಗೆ ಇನ್ನೊಬ್ಬ ಬಾಲಕನೂ ಇದ್ದನು. ಆತನು ಕ್ವಿಂಟಿಲಿಯನನ ಸ್ವಂತ ಮಗ.

ಈ ಗುರುವಿನ ಪತ್ನಿಯು ೧೯ ವರುಷ ತುಂಬುವ ಮೊದಲೇ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಳು. ಕಿರಿಯ ಮಗನು ೫ ವರುಷ ದಾಟಿದೊಡನೆ ಅಗಲಿದನು. ಉಳಿದ ಹಿರಿಯನು ಅಸಾಧಾರಣನಾದ ಮೇಧಾವಿ. ತನ್ನ ಗ್ರಂಥವೇ ಆ ಮಗುವಿಗೆ ಪಿತ್ರಾರ್ಜಿತವಾಗಲೆಂದು ತಂದೆಯು ಬಯಸಿದ್ದನು. ಗ್ರಂಥವು ಅರ್ಧವಾಗುವಷ್ಟರಲ್ಲಿ ಹತ್ತನೆಯ ವರುಷದಲ್ಲಿದ್ದ ಆ ಮಗನೂ ೮ ತಿಂಗಳು ನರಳಿ ಪ್ರಾಣಬಿಟ್ಟನು. ಅಂತ್ಯಕಾಲದಲ್ಲಿ ಬುದ್ಧಿಯು ಭ್ರಮಿಸಿದಾಗಲೂ ಆ ಬಾಲಕನ ಬಾಯಿಯಲ್ಲಿ ಬಂದುದು ಶಾಲೆಯ ಮತ್ತು ಪಾಠದ ಮಾತೇ. ಬರೆದುದನ್ನೆಲ್ಲ ಚಿತೆಗೆ ಹಾಕಿಬಿಡಬೇಕೆಂಬ ಹತಾಶೆಯು ತಂದೆಗೆ ಉಂಟಾಯಿತು. ಆದರೂ ಲೇಖನಿಯನ್ನು ಮತ್ತೆ ಹಿಡಿದನು. ಈ ಶೋಕವನ್ನು ಆತನು ನಿರೂಪಿಸಿರುವುದು ಆರನೆಯ ಕಾಂಡದ ಪೀಠಿಕೆಯಲ್ಲಿ. ಆ ಕಾಂಡದ ವಿಷಯವಾದರೋ ಕೇಳುವವರಲ್ಲಿ ಕರುಣೆ ಮುಂತಾದ ಭಾವಗಳನ್ನು ಎಬ್ಬಿಸುವ ಬಗೆ. ಪರರನ್ನು ಕರಗಿಸಬೇಕಾದರೆ ಮೊದಲು ತಾನು ಕರಗಬೇಕೆಂಬ ಪಾಠವನ್ನು ಆತನು ಅಲ್ಲಿಯೇ ಬರೆದನು. ಅದು ಶಾಸ್ತ್ರದ ಸೂತ್ರವಷ್ಟೇ ಅಲ್ಲ, ಬೆಂದ ಹೃದಯದ ಅನುಭವ.

ಈ ಬಾಳಿನಲ್ಲಿ ಒಂದು ಕಳಂಕವೂ ಉಂಟು. ಆಗ ಆಳುತ್ತಿದ್ದವನು, ೮೧ರಿಂದ ೯೬ರ ವರೆಗೆ ಪ್ರಭುತ್ವ ನಡೆಸಿದ ಡೊಮಿಷಿಯನ್. ಆತನು ದಾರ್ಶನಿಕರನ್ನು ರೋಮಿನಿಂದ ಹೊರಗಟ್ಟಿದನು; ಸಂಶಯ ಬಂದವರ ತಲೆಯನ್ನು ಕಡಿಸಿದನು. ಆ ಚಕ್ರವರ್ತಿಯೇ ತನ್ನ ಸೋದರಿಯ ಮೊಮ್ಮಕ್ಕಳ ಶಿಕ್ಷಣವನ್ನು ಕ್ವಿಂಟಿಲಿಯನನಿಗೆ ಒಪ್ಪಿಸಿದ್ದನು. ಗ್ರಂಥದಲ್ಲಿ ಆಚಾರ್ಯನು ಈ ಕ್ರೂರಿಯನ್ನು ದೇವತೆಯಂತೆಯೂ ಮಹಾಕವಿಯಂತೆಯೂ ಸ್ತುತಿಸಿದ್ದಾನೆ. ೯೫ರಲ್ಲಿ ಅದೇ ಬಾಲಕರ ತಂದೆಯಾದ ಫ್ಲೇವಿಯಸ್ ಕ್ಲೆಮೆನ್ಸನನ್ನು ಡೊಮಿಷಿಯನ್ ಕೊಲ್ಲಿಸಿದನು. ಶಿಷ್ಯರ ತಂದೆಯನ್ನೇ ಬಲಿಗೊಂಡ ಪ್ರಭುವಿನ ಅನ್ನವನ್ನು ಗುರುವು ಉಂಡಿದ್ದನು. ನುಡಿಗೂ ನಡೆಗೂ ಭೇದವಿರಬಾರದೆಂದು ಬೋಧಿಸಿದವನ ನುಡಿಯೇ ಅರಮನೆಯಲ್ಲಿ ಬಾಗಿತು. ಇದನ್ನು ಮುಚ್ಚಿಟ್ಟರೆ ಚರಿತ್ರೆಗೆ ದ್ರೋಹವಾಗುವುದು. ಇದೊಂದರಿಂದಲೇ ಆತನ ಬೋಧೆಯನ್ನು ತಳ್ಳಿದರೆ ಸತ್ಯಕ್ಕೆ ಅಪಚಾರವಾಗುವುದು. ರಾಜಾಶ್ರಯವು ವಿದ್ವಾಂಸನಿಗೆ ಅನ್ನವನ್ನು ಕೊಡುವಂತೆಯೇ ಬಂಧನವನ್ನೂ ತರುವುದೆಂಬುದಕ್ಕೆ ಇದು ನಿದರ್ಶನ.

ಹನ್ನೆರಡನೆಯ ಕಾಂಡವು ಗ್ರಂಥಕ್ಕೆ ಕಲಶಪ್ರಾಯವಾದುದು. ವಿಷಯದ ಶೋಧನೆ, ಜೋಡಣೆ, ಶೈಲಿ, ಧಾರಣೆ, ಉಚ್ಚಾರಣೆ ಎಂಬ ವಾಗ್ವಿದ್ಯೆಯ ಐದು ಅಂಗಗಳನ್ನು ಹಿಂದಿನ ಕಾಂಡಗಳಲ್ಲಿ ವಿವರಿಸಿದ ಬಳಿಕ, ಇವೆಲ್ಲವೂ ಯಾರಿಗಾಗಿ ಎಂಬುದನ್ನು ಆತನು ಇಲ್ಲಿ ವಿಚಾರಿಸುತ್ತಾನೆ. ವಾಗ್ಮಿಯೆಂದರೆ ಮಾತು ಬಲ್ಲ ಸತ್ಪುರುಷನೇ ಹೊರತು ಮಾತು ಬಲ್ಲವನೆಲ್ಲ ವಾಗ್ಮಿಯಲ್ಲವೆಂದು ಹಿರಿಯನಾದ ಕೇಟೋ ಹಿಂದೆ ಹೇಳಿದ ಲಕ್ಷಣವನ್ನು ಸ್ವೀಕರಿಸಿ, ಕ್ವಿಂಟಿಲಿಯನನು ಅದರಲ್ಲಿ ಸತ್ಪುರುಷನೆಂಬ ಪದಕ್ಕೇ ಅಗ್ರಸ್ಥಾನವನ್ನು ಕೊಟ್ಟನು. ದುರ್ಜನನ ಕೈಗೆ ವಾಕ್ಶಕ್ತಿಯನ್ನು ಕೊಡುವುದು ಕಳ್ಳನ ಕೈಗೆ ಆಯುಧವನ್ನು ಕೊಟ್ಟಂತೆ. ಆದುದರಿಂದ ಶೀಲವನ್ನು ಕಲಿಸದೆ ಮಾತನ್ನು ಕಲಿಸುವ ಗುರುವು ಲೋಕಕ್ಕೆ ಹಾನಿಯನ್ನೇ ಮಾಡುವನು.

ಮಧ್ಯಯುಗದಲ್ಲಿ ಈ ಗ್ರಂಥವು ಮುರಿದ ಪ್ರತಿಗಳಲ್ಲಿ ಮಾತ್ರ ಹಲವರಿಗೆ ದೊರೆಯುತ್ತಿತ್ತು. ೧೪೧೬ರಲ್ಲಿ ಇಟಲಿಯ ವಿದ್ವಾಂಸ ಪೊಜ್ಜೋ ಬ್ರಾಚ್ಚೋಲೀನಿಯು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಗೋಪುರದ ಕೆಳಗೆ, ಧೂಳು ಬೂಷ್ಟುಗಳ ನಡುವೆ, ಅದರ ಪೂರ್ಣಪ್ರತಿಯೊಂದನ್ನು ಕಂಡು ಕೈಯಾರೆ ನಕಲುಮಾಡಿಕೊಂಡನು. ೧೪೭೦ರಲ್ಲಿ ರೋಮ್ ನಗರದಲ್ಲಿಯೇ ಅದು ಅಚ್ಚಾಯಿತು. ಮಠದ ಕತ್ತಲೆಯಲ್ಲಿ ಓಲೆಗಳನ್ನು ಕಾಯುವುದರ ಫಲವೇನೆಂದು ಕೇಳುವವರಿಗೆ ಈ ಸಂಗತಿಯೊಂದೇ ಉತ್ತರವಾಗಬಲ್ಲುದು.

ಮುಂದೆ ಈತನ ಪದ್ಧತಿಯು ಇಂಗ್ಲೆಂಡಿನ ಶಾಲೆಗಳನ್ನೂ ಹೊಕ್ಕಿತು. ಕ್ವಿಂಟಿಲಿಯನನನ್ನು ಬಹುವಾಗಿ ಗೌರವಿಸುತ್ತಿದ್ದ ಎರಾಸ್ಮಸ್ ಪಂಡಿತನು ೧೫೧೨ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಗಾಗಿ ಶಬ್ದಸಮೃದ್ಧಿಯನ್ನು ಕುರಿತ ಪಠ್ಯವನ್ನು ಪ್ರಕಟಿಸಿದನು. ೧೬೪೪ರಲ್ಲಿ ಮಿಲ್ಟನ್ ಕವಿಯು ಶಿಕ್ಷಣವನ್ನು ಕುರಿತು ಬರೆದಾಗ, ಎಳೆಯರಿಗೆ ಓದಿಸಬೇಕಾದ ಲ್ಯಾಟಿನ್ ಗ್ರಂಥಗಳಲ್ಲಿ ಕ್ವಿಂಟಿಲಿಯನನ ಮೊದಲ ಕಾಂಡಗಳನ್ನು ಹೆಸರಿಸಿದನು. ಲ್ಯಾಟಿನ್ ಕಾವ್ಯಗಳಿದ್ದ ಸ್ಥಾನಕ್ಕೆ ಕಾಲಕ್ರಮದಲ್ಲಿ ಇಂಗ್ಲಿಷ್ ಕಾವ್ಯಗಳು ಬಂದವು. ಪದ್ಯವನ್ನು ಗಟ್ಟಿಯಾಗಿ ಓದಿಸುವುದು, ಅಲಂಕಾರವನ್ನು ಗುರುತಿಸುವುದು, ಪದ್ಯವನ್ನು ಗದ್ಯಮಾಡಿಸುವುದು, ಪ್ರಬಂಧವನ್ನು ಬರೆಯಿಸಿ ತಿದ್ದುವುದು ಎಂಬ ಹೈಸ್ಕೂಲಿನ ಇಂಗ್ಲಿಷ್ ತರಗತಿಯ ಪರಿಚಿತ ಕ್ರಮಗಳೆಲ್ಲ ಆ ಪುರಾತನ ಪಾಠಶಾಲೆಯ ಅಭ್ಯಾಸಗಳಿಗೆ ಬಂಧುಗಳು.

ಕ್ರಮವು ಉಳಿದಿದೆ, ಅದರ ಪ್ರಾಣವು ಉಳಿಯುವುದು ಅಧ್ಯಾಪಕರ ಕೈಯಲ್ಲಿದೆ. ಉಪಮೆ ಯಾವುದು, ರೂಪಕ ಯಾವುದೆಂದು ಗುರುತಿಸಿದ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಆ ಮಾತು ಸತ್ಯಕ್ಕೆ ಸೇವೆಮಾಡುವುದೋ ಸುಳ್ಳಿಗೆ ಸೇವೆಮಾಡುವುದೋ ಎಂದು ವಿವೇಚಿಸಿದವನೇ ವಿದ್ಯಾವಂತನು. ಸತಿಸುತರನ್ನು ಕಳೆದುಕೊಂಡು, ಸ್ವಂತ ಮಗನಿಗಾಗಿ ಕೂಡಿಟ್ಟ ವಿದ್ಯಾಧನವನ್ನು ಪರರ ಮಕ್ಕಳಿಗೆಲ್ಲ ಹಂಚಿಹೋದ ಈ ಗುರುವಿನ ಋಣವು ಕಾವ್ಯವನ್ನು ಓದಿಸುವ ಪ್ರತಿಯೊಬ್ಬ ಅಧ್ಯಾಪಕನ ಮೇಲೂ ಇದೆ. ಶಿಷ್ಯನ ನುಡಿಯನ್ನು ತಿದ್ದುವಾಗಲೆಲ್ಲ ತನ್ನ ನಡೆಯನ್ನೂ ತಿದ್ದಿಕೊಳ್ಳುವುದೇ ಆ ಋಣವನ್ನು ತೀರಿಸುವ ಮಾರ್ಗವು.