ಅಚ್ಚಿಗಾಗಿ ಮನೆ ಮಾರಿದ ಮಹನೀಯರು

ಬಸವಣ್ಣನವರ ಬಾಗೇವಾಡಿ ನಮ್ಮ ಜಿಲ್ಲೆಯದೇ. ಆದರೂ ಶರಣರ ವಚನಗಳು ಬಹುಕಾಲ ತಾಳೆಗರಿಗಳಲ್ಲಿ, ಮಠಮನೆಗಳ ಗಂಟುಗಳಲ್ಲಿ ಅಡಗಿದ್ದವು. ಅವುಗಳನ್ನು ಜನಸಾಮಾನ್ಯರಿಗೆ ಮುಟ್ಟಿಸಿದವರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ಆಗಿನ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಊರೂರು ತಿರುಗಿ ಓಲೆಗಳನ್ನು ಕೂಡಿಸಿ, ಓದಿ, ಪ್ರತಿ ಮಾಡಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಅಚ್ಚುಕೂಟವನ್ನೇ ನೆಚ್ಚಿ ಕೂಡಬಾರದೆಂದು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆಗಳು ಹೊರಟವು. ಕೆಲವರ ಗಂಟಿನಲ್ಲಿದ್ದ ವಚನ ಅಕ್ಷರ ಬಲ್ಲ ಎಲ್ಲರ ಸ್ವತ್ತಾಯಿತು. ಬಡತನದಲ್ಲಿಯೇ ದುಡಿದ ಅವರು 1964ರಲ್ಲಿ ಲಿಂಗೈಕ್ಯರಾದರು. ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದ ನಮ್ಮಂಥವರು ವಚನವನ್ನು ಓದುವಾಗಲೆಲ್ಲ ಆ ಮಾರಿದ ಮನೆಯ ಋಣವನ್ನು ನೆನೆಯಬೇಕು.