ಬೆರ್ಗಮೊದಿಂದ ಬಂದ ಬಣ್ಣದ ಸಹೋದರ



ಜಗಳೂರಿಗೆ ಮಂಗಳೂರು ಹತ್ತಿರದ ಊರಲ್ಲ. ದಾವಣಗೆರೆ, ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು. ಆದರೂ ಮಕ್ಕಳ ಓದಿಗೋ, ಆಸ್ಪತ್ರೆಗೋ ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿಬಂದಿದ್ದೀರಿ. ಸಂತ ಅಲೋಶಿಯಸ್ ಕಾಲೇಜಿನ ಕಿರುದೇವಾಲಯದೊಳಗೆ ಕಾಲಿಟ್ಟು, ತಲೆಯೆತ್ತಿ ನೋಡಿ, ಹಾಗೆಯೇ ನಿಂತುಬಿಟ್ಟವರೂ ಇರಬಹುದು. ಗೋಡೆ, ಕಮಾನು, ಮೇಲ್ಚಾವಣಿ ಎಲ್ಲೆಲ್ಲೂ ಚಿತ್ರಗಳು. ಅವನ್ನು ಬರೆದವರು ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ. ಆ ಚಿತ್ರಗಳನ್ನು ಅರಿಯಬೇಕಾದರೆ ಅವರ ಊರನ್ನೂ ಸ್ವಲ್ಪ ಅರಿಯಬೇಕು.

ಉತ್ತರ ಇಟಲಿಯ ಬೆರ್ಗಮೊ ನಗರವನ್ನು ಕಣ್ಣಮುಂದೆ ತಂದುಕೊಳ್ಳುವುದು ನಿಮಗೆ ಕಷ್ಟವಾಗದು. ಚಿತ್ರದುರ್ಗವನ್ನು ನೋಡಿದ್ದೀರಲ್ಲ? ಅದೇ ರೀತಿ ಗುಡ್ಡದ ಮೇಲೆ ಕೋಟೆಯೊಳಗಿನ ಹಳೆಯ ಊರು, ಕೆಳಗೆ ಬಯಲಿನಲ್ಲಿ ಹೊಸ ಊರು. ಹಳೆಯ ಊರಿನ ನಡುವೆ ಮರಿಯಮಾತೆಯ ದೊಡ್ಡ ದೇವಾಲಯವಿದೆ. ಪಿಡುಗಿನ ಕಾಲದಲ್ಲಿ ಊರವರು ಹೊತ್ತ ಹರಕೆಯಂತೆ 1137ರಲ್ಲಿ ಅದರ ಕೆಲಸ ಶುರುವಾಯಿತು ಎಂದು ಅಲ್ಲಿನವರು ಹೇಳುತ್ತಾರೆ. ಅದೇ ಊರು 2020ರ ಮಾರ್ಚಿನಲ್ಲಿ ಕೊರೊನಾ ಸೋಂಕಿನಿಂದ ತತ್ತರಿಸಿತು. ಶವಪೆಟ್ಟಿಗೆಗಳನ್ನು ಸೈನ್ಯದ ಲಾರಿಗಳು ಸಾಲಾಗಿ ಒಯ್ದ ದೃಶ್ಯವನ್ನು ನೀವೂ ಟಿ.ವಿ.ಯಲ್ಲಿ ಕಂಡಿರಬೇಕು.

ಬೆರ್ಗಮೊ 1428ರಲ್ಲಿ ವೆನಿಸ್ ಗಣರಾಜ್ಯದ ಪಾಲಾಯಿತು. 1561ರಲ್ಲಿ ವೆನಿಸಿನವರು ಹೊಸ ಕೋಟೆ ಕಟ್ಟತೊಡಗಿದರು. ಅದಕ್ಕಾಗಿ ನೂರಾರು ಕಟ್ಟಡಗಳನ್ನು, ಜೊತೆಗೆ ಸಂತ ಅಲೆಕ್ಸಾಂಡರರ ಪುರಾತನ ಪ್ರಧಾನಾಲಯವನ್ನೂ ಕೆಡವಿಸಿದರು. ಇಷ್ಟೆಲ್ಲ ಮಾಡಿದ ಮೇಲೆ ಆ ಕೋಟೆಗೆ ಯಾವ ಶತ್ರುವೂ ಮುತ್ತಿಗೆ ಹಾಕಲೇ ಇಲ್ಲ! ನಮ್ಮ ದುರ್ಗದ ಕೋಟೆಯ ಕಥೆ ಬೇರೆ. ಅದು ಹೋರಾಡಿ, 1779ರಲ್ಲಿ ಹೈದರಾಲಿಯ ವಶವಾಯಿತು. ವೆನಿಸಿನ ಆಳ್ವಿಕೆ ಕೋಟೆಯ ಜೊತೆಗೆ ಕಲೆಯನ್ನೂ ತಂದಿತು. ಲೊರೆನ್ಜೊ ಲೊತ್ತೊ ಎಂಬ ಮಹಾ ಚಿತ್ರಕಾರ 1513ರಿಂದ ಹನ್ನೆರಡು ವರ್ಷ ಅಲ್ಲಿಯೇ ಇದ್ದು ದೇವಾಲಯಗಳಿಗೆ ಚಿತ್ರ ಬರೆದುಕೊಟ್ಟನು. 1797ರಲ್ಲಿ ಫ್ರೆಂಚರು ಬಂದರು, ಅವರ ನಂತರ ಆಸ್ಟ್ರಿಯದವರು. 1859ರ ಜೂನಿನಲ್ಲಿ ಗರಿಬಾಲ್ಡಿ ಊರನ್ನು ಹೊಕ್ಕಾಗ ಆಸ್ಟ್ರಿಯದ ಆಳ್ವಿಕೆ ಕೊನೆಗೊಂಡಿತು.

ಆಗ ಆಂಟೋನಿಯೊ ಐದು ವರ್ಷದ ಬಾಲಕ. ಬೆರ್ಗಮೊ ಪಕ್ಕದ ಸ್ತೆಜ್ಜಾನೊ ಗ್ರಾಮದಲ್ಲಿ 1854ರ ಜನವರಿ 17ರಂದು ಹುಟ್ಟಿದ ಹುಡುಗನ ಕೈಯಲ್ಲಿ ಚಿತ್ರಕಲೆಯಿತ್ತು. ಕೌಂಟ್ ಕರಾರಾ ಎಂಬ ಶ್ರೀಮಂತ ತನ್ನ ಚಿತ್ರಸಂಗ್ರಹವನ್ನೆಲ್ಲ ಊರಿಗೆ ಬಿಟ್ಟು 1796ರಲ್ಲಿ ತೀರಿಕೊಂಡಿದ್ದನು. ಅವನ ಹೆಸರಿನ ಕಲಾಶಾಲೆಯಲ್ಲೇ ಈ ಹಳ್ಳಿಯ ಹುಡುಗ ಕಲಿತನು. ಮುಂದೆ ರೋಮಿಗೆ ಹೋಗಿ ಮಹಾ ಕಲಾವಿದರ ಕೃತಿಗಳನ್ನು ಅಭ್ಯಾಸ ಮಾಡಿದನು. ಬೆರ್ಗಮೊ ಸೀಮೆಯ ದೇವಾಲಯಗಳಿಗೆ ಚಿತ್ರ ಬರೆದು ಹೆಸರು ಗಳಿಸಿದನು.

ಅಷ್ಟರಲ್ಲಿ, 1889ರಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಎಲ್ಲವನ್ನೂ ಬಿಟ್ಟು ಯೇಸುಸಭೆಗೆ ಸೇರಿದರು. ಗುರುವಾಗಿ ಅಲ್ಲ, ಸಹೋದರನಾಗಿ. ಬಲಿಪೂಜೆ ಅರ್ಪಿಸುವ, ಪ್ರಬೋಧನೆ ನೀಡುವ ಅಧಿಕಾರ ಸಹೋದರರಿಗಿಲ್ಲ. ಅಡುಗೆ, ಬಡಗಿ ಕೆಲಸ, ತೋಟ ಇಂಥವೇ ಸಾಮಾನ್ಯವಾಗಿ ಅವರ ಪಾಲಿಗೆ ಬರುತ್ತಿದ್ದವು. ಹೆಸರಾಂತ ಕಲಾವಿದನೊಬ್ಬನಿಗೆ ಇದು ಸಣ್ಣ ತ್ಯಾಗವೇ, ನೀವೇ ಯೋಚಿಸಿ.

ಇಟಲಿಯ ಯೇಸುಸಭೆಯ ಗುರುಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಕಾಲೇಜು ತೆರೆದಿದ್ದರು. ಅದರ ಕಿರುದೇವಾಲಯ ಎದ್ದು ನಿಂತಿದ್ದರೂ ಗೋಡೆಗಳು ಬರಿದಾಗಿದ್ದವು. ಆ ಕೆಲಸಕ್ಕೆ ಸಹೋದರ ಮೊಸ್ಕೇನಿಯವರನ್ನು ಕಳುಹಿಸಲಾಯಿತು. 1899ರಿಂದ 1901ರವರೆಗೆ ಅವರು ಅಲ್ಲಿ ದುಡಿದರು.

ಗೋಡೆಯ ಚಿತ್ರಗಳನ್ನು ಬರೆದ ಬಗೆಯನ್ನು ಹೇಳಲೇಬೇಕು. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಮುಗಿಸುವಷ್ಟೇ ಗಾರೆ ಬಳಿಯಬೇಕು. ತಪ್ಪಿದರೆ ಅಳಿಸಲಾಗದು, ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಮೇಲ್ಚಾವಣಿಯ ಚಿತ್ರಗಳು ಮಾತ್ರ ಕ್ಯಾನ್‌ವಾಸಿನ ಮೇಲೆ ಬರೆದ ತೈಲಚಿತ್ರಗಳು.

ಮುಖ್ಯ ಕಥೆ ಸಂತ ಅಲೋಶಿಯಸರದು. ಅವರೂ ಬೆರ್ಗಮೊದಂತೆಯೇ ಲೊಂಬಾರ್ಡಿ ಪ್ರಾಂತದವರು, ಕಾಸ್ತಿಲ್ಯೋನೆಯ ಪಾಳೆಯಗಾರ ಮನೆತನದ ಹಿರಿಯ ಮಗ. ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. ರೋಮಿನಲ್ಲಿ ಪಿಡುಗು ಬಡಿದವರನ್ನು ಹೊತ್ತು ಆರೈಕೆ ಮಾಡಿ, ಕಾಯಿಲೆ ಬಿದ್ದು, 1591ರ ಜೂನ್ 21ರಂದು ಇಪ್ಪತ್ಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಾಲಕ ಅಲೋಶಿಯಸ್ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಪ್ರಥಮ ಪರಮಪ್ರಸಾದ ಸ್ವೀಕರಿಸುವುದನ್ನೂ, ಮುಂದೆ ಅದೇ ತರುಣ ರೋಗಿಗಳ ನಡುವೆ ಇರುವುದನ್ನೂ ಮೊಸ್ಕೇನಿ ಬರೆದಿದ್ದಾರೆ. ಎಲ್ಲ ಬಿಟ್ಟು ಬಂದವನ ಕಥೆಯನ್ನು ಎಲ್ಲ ಬಿಟ್ಟು ಬಂದವರೇ ಬರೆದದ್ದರಿಂದಲೋ ಏನೋ, ಆ ಮುಖಗಳಲ್ಲಿ ಆಡಂಬರ ಕಾಣುವುದಿಲ್ಲ.

ಕರಾವಳಿಯ ಮಳೆ, ತೇವ ಈ ಚಿತ್ರಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವನ್ನು ಶುಚಿಗೊಳಿಸಿ ಸರಿಪಡಿಸಿದರು.

ಮಂಗಳೂರಿನ ಕೆಲಸ ಮುಗಿದ ಮೇಲೂ ಮೊಸ್ಕೇನಿ ಊರಿಗೆ ಮರಳಲಿಲ್ಲ. ಮುಂಬಯಿಯ ಪವಿತ್ರ ನಾಮದ ಪ್ರಧಾನಾಲಯದಲ್ಲಿಯೂ ಅವರ ಚಿತ್ರಗಳಿವೆ. ಕೊನೆಗೆ ಕೊಚ್ಚಿಯಿಂದ ಕರೆ ಬಂತು. ಅಲ್ಲಿ ಪವಿತ್ರ ಶಿಲುಬೆಯ ಹೊಸ ಪ್ರಧಾನಾಲಯ ಸಿದ್ಧವಾಗುತ್ತಿತ್ತು. ಮಂಗಳೂರಿನ ಶಿಷ್ಯ ಡಿ ಗಾಮ ಅವರೊಡನೆ ಯೇಸುಸ್ವಾಮಿಯ ಪಾಡುಗಳನ್ನು ದೊಡ್ಡ ಕ್ಯಾನ್‌ವಾಸುಗಳ ಮೇಲೆ ಬರೆದರು. ಅದರ ನಡುವೆಯೇ ರಕ್ತಭೇದಿ ಹಿಡಿಯಿತು. 1905ರ ನವೆಂಬರ್ 15ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಬೆರ್ಗಮೊದಿಂದ ಬಲು ದೂರದಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಪ್ರಧಾನಾಲಯದ ಅಭಿಷೇಕ ನಡೆದದ್ದು ನಾಲ್ಕು ದಿನಗಳ ನಂತರ.